ಮನೆಗೆ ಬಂದ ಮಗುವಿನ ಹೆಸರು: ಹಝ್ರತ್ ಝೈದ್ ಬಿನ್ ಹಾರಿಸಾ(ರ)ರ ಬದುಕಿನ ಪಾಠ

ಮಕ್ಕಳ ಭಾಗ್ಯವಿಲ್ಲದ ದಂಪತಿಗಳು ನಮ್ಮ ಪ್ರತಿಯೊಂದು ಮೊಹಲ್ಲಾದಲ್ಲಿಯೂ ಇದ್ದಾರೆ. ತಂದೆ ತಾಯಿಯರನ್ನು ಕಳೆದುಕೊಂಡ ಮಕ್ಕಳೂ ಎಲ್ಲೆಡೆ ಇದ್ದಾರೆ. ಇವರಿಬ್ಬರೂ ಒಂದೇ ಸೂರಿನಡಿ ಸೇರಬಾರದೇಕೆ ಎಂದು ಯಾರಾದರೂ ಕೇಳಿದಾಗ ಮನೆಯ ಹಿರಿಯರೊಬ್ಬರಿಂದ ಒಂದು ಮಾತು ಬರುತ್ತದೆ: "ಇಸ್ಲಾಮಿನಲ್ಲಿ ದತ್ತು ಇಲ್ಲ." ಅಲ್ಲಿಗೆ ಮಾತುಕತೆ ಮುಗಿಯುತ್ತದೆ. ದಂಪತಿಗಳು ತಲೆ ತಗ್ಗಿಸಿ ಮೌನವಾಗುತ್ತಾರೆ, ಮಗು ಅನಾಥಾಲಯದಲ್ಲಿಯೇ ಉಳಿಯುತ್ತದೆ.

ಆ ಹಿರಿಯರು ಹೇಳಿದ್ದರಲ್ಲಿ ಸುಳ್ಳಿಲ್ಲ. ಆದರೆ ಅದು ಅರ್ಧ ಮಾತು. ಉಳಿದರ್ಧವನ್ನು ನಾವು ಬೇರೆಲ್ಲಿಯೂ ಹುಡುಕಬೇಕಾಗಿಲ್ಲ. ಅದು ಪ್ರವಾದಿ ಮುಹಮ್ಮದ್(ಸ)ರವರ ಸ್ವಂತ ಮನೆಯ ಇತಿಹಾಸದಲ್ಲಿದೆ. ದೂರದ ನಾಡಿನಿಂದ ಬಂದ ಒಬ್ಬ ಬಾಲಕ ಆ ಮನೆಯಲ್ಲಿ ಮಗನಾಗಿ ಬೆಳೆದನು. ಒಂದು ದಿನ ಆತನ ಹೆಸರು ಬದಲಾಯಿತು, ಆದರೆ ಮನೆ ಬದಲಾಗಲಿಲ್ಲ, ಪ್ರೀತಿಯೂ ಬದಲಾಗಲಿಲ್ಲ. ಆ ಬಾಲಕನ ಹೆಸರು ಝೈದ್. ಪ್ರವಾದಿವರ್ಯರ(ಸ) ಸಂಗಾತಿಗಳ ಪೈಕಿ ಪವಿತ್ರ ಕುರ್‌ಆನಿನಲ್ಲಿ ಹೆಸರು ಹಿಡಿದು ಪ್ರಸ್ತಾಪಿಸಲ್ಪಟ್ಟವರು ಅವರೊಬ್ಬರೇ. ಅವರ ಬದುಕನ್ನು ಮೊದಲಿನಿಂದ ಕೊನೆಯವರೆಗೆ ಒಮ್ಮೆ ನೋಡಿದರೆ ನಮ್ಮ ಪ್ರಶ್ನೆಗೆ ಉತ್ತರ ದೊರೆಯುತ್ತದೆ.

ತವರಿನ ದಾರಿಯಲ್ಲಿ ಕಳೆದುಹೋದ ಮಗು

ಅರೇಬಿಯಾದ ಉತ್ತರದಲ್ಲಿ, ಶಾಮ್ ದೇಶದ ಅಂಚಿನ ಬಯಲುಗಳಲ್ಲಿ ಕಲ್ಬ್ ಎಂಬ ದೊಡ್ಡ ಗೋತ್ರವೊಂದು ವಾಸಿಸುತ್ತಿತ್ತು. ಆ ಗೋತ್ರದ ಹಾರಿಸಾ ಬಿನ್ ಶರಾಹೀಲ್ ಎಂಬವರ ಮಗ ಝೈದ್. ತಾಯಿ ಸುಅ್‌ದಾ ತೈ ಗೋತ್ರದ ಮಅ್‌ನ್ ಕವಲಿಗೆ ಸೇರಿದವರು. ಒಮ್ಮೆ ಅವರು ಪುಟ್ಟ ಮಗನನ್ನು ಕರೆದುಕೊಂಡು ತವರಿಗೆ ಹೊರಟರು. ಅಲ್ಲಿ ಅಲ್-ಕೈನ್ ಗೋತ್ರದ ಕುದುರೆ ಸವಾರರು ದಾಳಿ ಮಾಡಿ, ಕೈಗೆ ಸಿಕ್ಕಿದ್ದನ್ನೆಲ್ಲ ದೋಚಿಕೊಂಡು ಹೋದರು. ದೋಚಿದ್ದರಲ್ಲಿ ಆ ಮಗುವೂ ಇತ್ತು. ಆಗ ಝೈದ್‌ರ ವಯಸ್ಸು ಸುಮಾರು ಎಂಟು ವರ್ಷ ಎಂದು ಜೀವನಚರಿತ್ರೆಕಾರರು ಬರೆದಿದ್ದಾರೆ.

ದಾಳಿಕೋರರು ಮಗುವನ್ನು ಮಕ್ಕಾದ ಸಮೀಪದ ಉಕಾಝ್ ಸಂತೆಗೆ ತಂದರು. ಕವಿಗಳು ಕಾವ್ಯ ಹಾಡುತ್ತಿದ್ದ, ವ್ಯಾಪಾರಿಗಳು ಚರ್ಮ, ಆಯುಧ, ಬಟ್ಟೆಗಳನ್ನು ಮಾರುತ್ತಿದ್ದ ಆ ಪ್ರಸಿದ್ಧ ಸಂತೆಯಲ್ಲಿ ಮನುಷ್ಯರ ಮಾರಾಟವೂ ನಡೆಯುತ್ತಿತ್ತು. ಹಕೀಮ್ ಬಿನ್ ಹಿಝಾಮ್ ಎಂಬ ಕುರೈಶ್ ವ್ಯಾಪಾರಿ ತಮ್ಮ ಸೋದರತ್ತೆ ಖದೀಜಾ(ರ)ರಿಗಾಗಿ ಆ ಬಾಲಕನನ್ನು ಕೊಂಡರು. ಬೆಲೆ 400 ದಿರ್ಹಮ್ ಎಂದು ಇತಿಹಾಸಕಾರ ಇಬ್ನು ಸಅ್‌ದ್ ದಾಖಲಿಸಿದ್ದಾರೆ. ಮುಂದೆ ಖದೀಜಾ(ರ)ರು ಆ ಬಾಲಕನನ್ನು ಪತಿ ಮುಹಮ್ಮದ್(ಸ)ರಿಗೆ ಒಪ್ಪಿಸಿದರು. ಆಗ ಅವರಿಗೆ ಪ್ರವಾದಿತ್ವ ದೊರೆತಿರಲಿಲ್ಲ. ಮಕ್ಕಾದ ಜನರಿಗೆ ಅವರು 'ಅಲ್-ಅಮೀನ್', ನಂಬಿಕಸ್ಥರು.

ಆ ಮನೆ ಎಂತಹದಾಗಿತ್ತು ಎಂಬುದನ್ನು ಗಮನಿಸಬೇಕು. ಮನೆಯ ಯಜಮಾನರು ತಂದೆಯ ಮುಖವನ್ನು ನೋಡದವರು. ಅವರಿಗೆ ಆರು ವರ್ಷ ವಯಸ್ಸಾಗಿದ್ದಾಗ ಮದೀನಾದಿಂದ ಮಕ್ಕಾಗೆ ಮರಳುವ ದಾರಿಯಲ್ಲಿ, ಅಬ್ವಾ ಎಂಬಲ್ಲಿ ತಾಯಿ ಆಮಿನಾ ತೀರಿಕೊಂಡರು. ಆ ಅನಾಥ ಬಾಲಕನ ಕೈಹಿಡಿದು ಮರುಭೂಮಿಯ ದಾರಿಯಲ್ಲಿ ಮಕ್ಕಾಗೆ, ಅಜ್ಜನ ಮನೆಗೆ ತಲುಪಿಸಿದವರು ಅಬಿಸೀನಿಯಾ ಮೂಲದ ಸೇವಕಿ ಬರಕಾ. ಮುಂದೆ ಉಮ್ಮು ಐಮನ್(ರ) ಎಂದು ಪ್ರಸಿದ್ಧರಾದವರು ಅವರೇ. ಎಂಟನೆಯ ವಯಸ್ಸಿನಲ್ಲಿ ಅಜ್ಜ ಅಬ್ದುಲ್ ಮುತ್ತಲಿಬ್ ಕೂಡ ತೀರಿಕೊಂಡಾಗ ಚಿಕ್ಕಪ್ಪ ಅಬೂತಾಲಿಬ್ ಆಶ್ರಯ ನೀಡಿದರು. ಮುಂದೊಂದು ಬರಗಾಲದಲ್ಲಿ ಅದೇ ಅಬೂತಾಲಿಬರ ಹೊರೆಯನ್ನು ಹಗುರಗೊಳಿಸಲು ಪ್ರವಾದಿವರ್ಯರು(ಸ) ಅವರ ಮಗ ಅಲಿ(ರ)ಯವರನ್ನು ತಮ್ಮ ಮನೆಗೆ ಕರೆತಂದು ಸಾಕಿದರು. ಇನ್ನೊಬ್ಬರ ಆಸರೆಯಲ್ಲಿ ಬೆಳೆದ ಮಗುವಿನ ಮನಸ್ಸು ಏನೆಂಬುದನ್ನು ಬಲ್ಲವರ ಮನೆ ಅದು. ಝೈದ್ ಬಂದದ್ದು ಅಂತಹ ಮನೆಗೆ.

ತಂದೆ ಹುಡುಕಿಕೊಂಡು ಬಂದ ದಿನ

ಅತ್ತ ಉತ್ತರದಲ್ಲಿ ಹಾರಿಸಾ ಮಗನಿಗಾಗಿ ಅಳುತ್ತಿದ್ದರು. ಮಗ ಬದುಕಿದ್ದಾನೆಯೇ, ಮಣ್ಣಾಗಿದ್ದಾನೆಯೇ ಎಂದು ತಿಳಿಯದ ತಂದೆಯ ಸಂಕಟವನ್ನು ಅವರು ಕವಿತೆಯಾಗಿ ಹಾಡಿದರು. ಅರಬರ ಇತಿಹಾಸ ಗ್ರಂಥಗಳು ಆ ಕವಿತೆಯನ್ನು ಉಳಿಸಿಕೊಂಡಿವೆ. ಕಾಣೆಯಾದ ಮಗುವಿನ ಕಥೆಯನ್ನು ನಾವು ಹೇಳುವಾಗ ಸಾಕಿದವರ ಔದಾರ್ಯವನ್ನಷ್ಟೇ ಹೊಗಳಿ ಹೆತ್ತವರ ಕಣ್ಣೀರನ್ನು ಮರೆಯುವುದುಂಟು. ಇಸ್ಲಾಮೀ ಇತಿಹಾಸ ಅದನ್ನು ಮರೆಯಲಿಲ್ಲ.

ವರ್ಷಗಳ ಬಳಿಕ ಕಲ್ಬ್ ಗೋತ್ರದ ಕೆಲವರು ಹಜ್ಜ್‌ಗೆಂದು ಮಕ್ಕಾಗೆ ಬಂದಾಗ ಝೈದ್‌ರನ್ನು ಕಂಡು ಗುರುತಿಸಿದರು. ಝೈದ್ ಕೂಡ ಅವರನ್ನು ಗುರುತಿಸಿ, ತಾನು ಕ್ಷೇಮವಾಗಿದ್ದೇನೆ, ಉತ್ತಮ ಮನೆತನದಲ್ಲಿದ್ದೇನೆ, ದುಃಖಿಸಬೇಡಿ ಎಂದು ಮನೆಯವರಿಗೆ ಸಂದೇಶ ಕಳುಹಿಸಿದರು. ಸುದ್ದಿ ಮುಟ್ಟಿದ್ದೇ ತಡ, ಹಾರಿಸಾ ತಮ್ಮ ಸೋದರ ಕಅ್‌ಬ್‌ರನ್ನು ಕರೆದುಕೊಂಡು, ಬಿಡುಗಡೆಯ ಹಣವನ್ನು ಹೊಂದಿಸಿಕೊಂಡು ಮಕ್ಕಾಗೆ ಹೊರಟು ಬಂದರು. ಮುಹಮ್ಮದ್(ಸ)ರನ್ನು ಕಂಡು, ಮಗನನ್ನು ಬಿಟ್ಟುಕೊಡಬೇಕೆಂದೂ ಕೇಳಿದಷ್ಟು ಹಣ ಕೊಡುವೆವೆಂದೂ ವಿನಂತಿಸಿದರು.

ಆಗಿನ ಪದ್ಧತಿಯಂತೆ ಹಣ ಪಡೆದು ಕಳುಹಿಸಬಹುದಿತ್ತು, ಕೊಡುವುದಿಲ್ಲ ಎನ್ನುವ ಅಧಿಕಾರವೂ ಇತ್ತು. ಮುಹಮ್ಮದ್(ಸ)ರು ಆ ಎರಡನ್ನೂ ಬಿಟ್ಟು ಮೂರನೆಯದೊಂದು ದಾರಿ ಸೂಚಿಸಿದರು. ಝೈದ್‌ರನ್ನೇ ಕರೆಯೋಣ, ಅವರೇ ಆರಿಸಿಕೊಳ್ಳಲಿ. ನಿಮ್ಮನ್ನು ಆರಿಸಿಕೊಂಡರೆ ಹಣ ಬೇಡ, ಹಾಗೆಯೇ ಕರೆದುಕೊಂಡು ಹೋಗಿ. ನನ್ನನ್ನು ಆರಿಸಿಕೊಂಡರೆ, ನನ್ನ ಬಳಿ ಇರಲು ಬಯಸುವವರನ್ನು ಕಳುಹಿಸಿಬಿಡುವವನು ನಾನಲ್ಲ ಎಂದರು. ತಂದೆ ಮತ್ತು ಚಿಕ್ಕಪ್ಪ ಸಂತೋಷದಿಂದ ಒಪ್ಪಿದರು. ಇದಕ್ಕಿಂತ ನ್ಯಾಯವಾದ ಮಾತು ಇನ್ನೇನಿರಲು ಸಾಧ್ಯ?

ಝೈದ್ ಬಂದರು. ಇಬ್ಬರನ್ನೂ ಗುರುತಿಸಿದರು. ಇವರು ತಂದೆ, ಇವರು ಚಿಕ್ಕಪ್ಪ ಎಂದರು. ಅನಂತರ ಮುಹಮ್ಮದ್(ಸ)ರ ಬಳಿಯಲ್ಲಿಯೇ ಇರುವುದಾಗಿ ಹೇಳಿದರು. ಸ್ವಾತಂತ್ರ್ಯವನ್ನೂ ಹೆತ್ತ ತಂದೆಯನ್ನೂ ಬಿಟ್ಟು ಗುಲಾಮಗಿರಿಯನ್ನು ಆರಿಸಿಕೊಳ್ಳುವೆಯಾ ಎಂದು ಮನೆಯವರು ದಂಗಾಗಿ ಕೇಳಿದರು. ಈ ಮಹನೀಯರಲ್ಲಿ ಕಂಡದ್ದನ್ನು ಕಂಡ ಮೇಲೆ ಇವರನ್ನು ಬಿಟ್ಟು ಬೇರೊಬ್ಬರನ್ನು ಆರಿಸಿಕೊಳ್ಳಲಾರೆ ಎಂಬುದೇ ಝೈದ್‌ರ ಉತ್ತರವಾಗಿತ್ತು.

ಆಗ ಮುಹಮ್ಮದ್(ಸ)ರು ಝೈದ್‌ರ ಕೈಹಿಡಿದು ಕಅ್‌ಬಾದ ಬಳಿಯ ಹಿಜ್ರ್‌ಗೆ ಕರೆದೊಯ್ದರು. ಇವರು ನನ್ನ ಮಗ, ನಾನು ಇವರ ವಾರಸುದಾರ, ಇವರು ನನ್ನ ವಾರಸುದಾರರು ಎಂದು ನೆರೆದವರ ಸಾಕ್ಷಿಯಲ್ಲಿ ಘೋಷಿಸಿದರು. ಸಂತೆಯಲ್ಲಿ ಮಾರಾಟವಾಗಿದ್ದ ಹುಡುಗನಿಗೆ ಕುರೈಶರ ಅತ್ಯುನ್ನತ ಮನೆತನದ ಹೆಸರು ದೊರೆಯಿತು. ಇದನ್ನು ಕಣ್ಣಾರೆ ಕಂಡ ತಂದೆ ಮತ್ತು ಚಿಕ್ಕಪ್ಪ ಮನಸ್ಸು ಹಗುರಮಾಡಿಕೊಂಡು ಊರಿಗೆ ಮರಳಿದರು. ಅಂದಿನಿಂದ ಎಲ್ಲರೂ ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆದರು. ಪ್ರವಾದಿತ್ವ ದೊರೆತಾಗ ಮೊತ್ತಮೊದಲು ವಿಶ್ವಾಸವಿರಿಸಿದವರ ಪೈಕಿ ಅವರೂ ಒಬ್ಬರಾದರು. ತಾಇಫ್‌ನಲ್ಲಿ ಜನರು ಕಲ್ಲೆಸೆದಾಗ ಪ್ರವಾದಿವರ್ಯರಿಗೆ(ಸ) ಅಡ್ಡನಿಂತು ತಲೆಗೆ ಪೆಟ್ಟು ತಿಂದವರೂ ಅವರೇ.

ಹೆತ್ತ ಮನೆಯ ಸಂಬಂಧ ಅಲ್ಲಿಗೆ ಕಡಿದುಹೋಗಲಿಲ್ಲ ಎಂಬುದಕ್ಕೂ ಸಾಕ್ಷ್ಯವಿದೆ. ಮುಂದೊಮ್ಮೆ ಝೈದ್‌ರ ಸೋದರ ಜಬಲಾ ಬಂದು, ಝೈದ್‌ರನ್ನು ತಮ್ಮೊಂದಿಗೆ ಕಳುಹಿಸಿಕೊಡುವಂತೆ ಪ್ರವಾದಿವರ್ಯರನ್ನು(ಸ) ಕೇಳಿಕೊಂಡರು. ಇಲ್ಲಿಯೇ ಇದ್ದಾರೆ, ಹೊರಟರೆ ನಾನು ತಡೆಯುವುದಿಲ್ಲ ಎಂದು ಪ್ರವಾದಿವರ್ಯರು(ಸ) ಉತ್ತರಿಸಿದರು. ಝೈದ್ ಮತ್ತೆ ಅಲ್ಲಿಯೇ ಉಳಿದರು. ತಮ್ಮನ ತೀರ್ಮಾನವೇ ತನ್ನದಕ್ಕಿಂತ ಮೇಲಾಗಿತ್ತು ಎಂದು ಜಬಲಾ ಮುಂದೆ ಒಪ್ಪಿಕೊಂಡರು ಎಂದು ತಿರ್ಮಿದಿಯ ವರದಿಯಲ್ಲಿದೆ.

ಹೆಸರು ಹಿಂದಿರುಗಿದ ದಿನ

ಮದೀನಾದಲ್ಲಿ ಅಲ್-ಅಹ್‌ಝಾಬ್ ಅಧ್ಯಾಯದ ವಚನಗಳು ಅವತೀರ್ಣವಾದವು. ಬಾಯಲ್ಲಿ ಆಡಿದ ಮಾತಿನಿಂದ ಒಬ್ಬರ ಮಗ ಇನ್ನೊಬ್ಬರ ಮಗನಾಗುವುದಿಲ್ಲ ಎಂದು ಅದರ 4ನೆಯ ವಚನ ತಿಳಿಸಿತು. 5ನೆಯ ವಚನವು ದತ್ತುಪುತ್ರರನ್ನು ಅವರ ಸ್ವಂತ ತಂದೆಯರ ಹೆಸರಿನಿಂದಲೇ ಕರೆಯಬೇಕೆಂದು ಆದೇಶಿಸಿತು. ಅದೇ ನ್ಯಾಯ ಎಂದಿತು. ತಂದೆ ಯಾರೆಂದು ತಿಳಿಯದಿದ್ದರೆ ಅವರು ನಿಮ್ಮ ಧರ್ಮಬಂಧುಗಳು ಹಾಗೂ ನಿಮ್ಮ ಮೌಲಾಗಳು, ಅಂದರೆ ನಿಮ್ಮ ಆಪ್ತರು ಎಂದು ಸಾರಿತು.

ಈ ಆದೇಶ ಮೊದಲು ಜಾರಿಯಾದದ್ದು ಪ್ರವಾದಿವರ್ಯರ(ಸ) ಮನೆಯಲ್ಲಿಯೇ. ಇದರ ಭಾರ ಎಷ್ಟಿತ್ತು ಎಂದು ನಾವು ಯೋಚಿಸಬೇಕು. ಅವರ ಸ್ವಂತ ಪುತ್ರರಾದ ಕಾಸಿಮ್ ಮತ್ತು ಅಬ್ದುಲ್ಲಾ ಎಳವೆಯಲ್ಲಿಯೇ ತೀರಿಕೊಂಡಿದ್ದರು. ಇಬ್ರಾಹೀಮ್ ಇನ್ನೂ ಜನಿಸಿರಲಿಲ್ಲ. ಇಡೀ ಮದೀನಾದಲ್ಲಿ 'ಮುಹಮ್ಮದ್‌ರ ಮಗ' ಎಂದು ಕರೆಯಲ್ಪಡುತ್ತಿದ್ದವರು ಝೈದ್ ಒಬ್ಬರೇ. ಆ ಆದೇಶದೊಂದಿಗೆ ಆ ಕರೆಯೂ ನಿಂತಿತು. ಕುರ್‌ಆನಿನ ವಚನ ಬರುವವರೆಗೂ ತಾವು ಅವರನ್ನು ಝೈದ್ ಬಿನ್ ಮುಹಮ್ಮದ್ ಎಂದೇ ಕರೆಯುತ್ತಿದ್ದೆವು ಎಂದು ಅಬ್ದುಲ್ಲಾ ಬಿನ್ ಉಮರ್(ರ) ಹೇಳಿದ್ದನ್ನು ಇಮಾಮ್ ಬುಖಾರಿ ದಾಖಲಿಸಿದ್ದಾರೆ. ಅಂದಿನಿಂದ ಅವರು ಮತ್ತೆ ಝೈದ್ ಬಿನ್ ಹಾರಿಸಾ ಆದರು. ಉತ್ತರದ ಬಯಲಿನಲ್ಲಿ ಮಗನಿಗಾಗಿ ಅತ್ತಿದ್ದ ಆ ತಂದೆಯ ಹೆಸರು ಮಗನಿಗೆ ಮರಳಿ ದೊರೆಯಿತು.

ದತ್ತುಪುತ್ರನನ್ನು ಎಲ್ಲ ವಿಷಯದಲ್ಲಿಯೂ ರಕ್ತಸಂಬಂಧದ ಮಗನಂತೆ ಪರಿಗಣಿಸುತ್ತಿದ್ದ ಹಳೆಯ ಅರಬ್ ಪದ್ಧತಿಯ ಕೊನೆಯ ಎಳೆಯೂ ಆ ಕಾಲದಲ್ಲಿಯೇ ಕಡಿಯಿತು. ಝೈನಬ್ ಬಿನ್ತ್ ಜಹ್‌ಶ್(ರ)ರೊಂದಿಗಿನ ಝೈದ್‌ರ ದಾಂಪತ್ಯ ಉಳಿಯದೆ ವಿಚ್ಛೇದನದಲ್ಲಿ ಕೊನೆಗೊಂಡ ಬಳಿಕ ಪ್ರವಾದಿವರ್ಯರು(ಸ) ಅವರನ್ನು ವಿವಾಹವಾದರು. ದತ್ತುಪುತ್ರರು ವಿಚ್ಛೇದಿಸಿದ ಪತ್ನಿಯರ ವಿಷಯದಲ್ಲಿ ಸತ್ಯವಿಶ್ವಾಸಿಗಳಿಗೆ ಇನ್ನು ಮುಂದೆ ತೊಡಕು ಇರಬಾರದೆಂಬುದೇ ಅದರ ಉದ್ದೇಶವೆಂದು ಅದೇ ಅಧ್ಯಾಯದ 37ನೆಯ ವಚನ ಸ್ಪಷ್ಟಪಡಿಸಿದೆ. ಝೈದ್‌ರ ಹೆಸರು ಬಂದಿರುವುದೂ ಆ ವಚನದಲ್ಲಿಯೇ. ಅಲ್ಲಿ ಅವರನ್ನು ಅಲ್ಲಾಹನ ಅನುಗ್ರಹಕ್ಕೂ ಪ್ರವಾದಿವರ್ಯರ(ಸ) ಔದಾರ್ಯಕ್ಕೂ ಪಾತ್ರರಾದವರೆಂದು ಪರಿಚಯಿಸಲಾಗಿದೆ. ಮಕ್ಕಾದಲ್ಲಿ ದೊರೆತಿದ್ದ ಹೆಸರನ್ನು ಕಳೆದುಕೊಂಡವರ ಸ್ವಂತ ಹೆಸರನ್ನು ಲೋಕಾಂತ್ಯದವರೆಗೆ ನಮಾಝ್‌ಗಳಲ್ಲಿ ಪಠಿಸುವಂತೆ ಮಾಡಿದ್ದು ಅಲ್ಲಾಹನ ಅನುಗ್ರಹವಲ್ಲದೆ ಇನ್ನೇನು?

ತಂದೆಯ ಹೆಸರು ತಿಳಿಯದವನ ಕಥೆ

ಝೈದ್‌ರಿಗೆ ಮರಳಿ ಪಡೆಯಲು ತಂದೆಯ ಹೆಸರೊಂದಿತ್ತು. ಅದೂ ಇಲ್ಲದವರ ಗತಿಯೇನು? ಇದಕ್ಕೆ ಉತ್ತರ ಹಝ್ರತ್ ಸಾಲಿಮ್(ರ). ಅವರು ಪರ್ಷಿಯಾದ ಇಸ್ತಖ್ರ್ ಮೂಲದವರೆಂದು ಜೀವನಚರಿತ್ರೆಕಾರರು ಹೇಳಿದ್ದಾರೆ. ಅರಬ್ ನಾಡಿಗೆ ಗುಲಾಮರಾಗಿ ಬಂದು, ಓರ್ವ ಅನ್ಸಾರಿ ಮಹಿಳೆಯಿಂದ ಬಿಡುಗಡೆ ಪಡೆದರು. ಕುರೈಶರ ಗಣ್ಯ ಕುಟುಂಬಕ್ಕೆ ಸೇರಿದ ಅಬೂ ಹುದೈಫಾ(ರ) ಅವರನ್ನು ದತ್ತುಪುತ್ರನಾಗಿ ಸ್ವೀಕರಿಸಿ, ತಮ್ಮ ಸೋದರನ ಮಗಳನ್ನೇ ಅವರಿಗೆ ವಿವಾಹ ಮಾಡಿಕೊಟ್ಟರು.

ಅಲ್-ಅಹ್‌ಝಾಬ್ ಅಧ್ಯಾಯದ ಆದೇಶ ಬಂದಾಗ ಸಾಲಿಮ್‌ರನ್ನು ಅಬೂ ಹುದೈಫಾರ ಮಗ ಎಂದು ಕರೆಯುವುದು ನಿಂತಿತು. ಅವರ ತಂದೆಯ ಹೆಸರು ತಿಳಿದಿರಲಿಲ್ಲ. ಆದ್ದರಿಂದ ಅವರು ಸಾಲಿಮ್ ಮೌಲಾ ಅಬೂ ಹುದೈಫಾ, ಅಂದರೆ ಅಬೂ ಹುದೈಫಾರ ಆಪ್ತ ಸಾಲಿಮ್ ಎಂದು ಕರೆಯಲ್ಪಟ್ಟರು. ಕುರ್‌ಆನ್ ಹೇಳಿದಂತೆಯೇ ನಡೆಯಿತು. ಆದರೆ ಆ ಕಾರಣಕ್ಕಾಗಿ ಯಾರೂ ಅವರನ್ನು ಹಿಂದಿನ ಸಾಲಿಗೆ ತಳ್ಳಲಿಲ್ಲ. ಪ್ರವಾದಿವರ್ಯರು(ಸ) ಮದೀನಾ ತಲುಪುವ ಮುನ್ನ ಕುಬಾದಲ್ಲಿ ಮುಹಾಜಿರ್‌ಗಳಿಗೆ ನಮಾಝ್‌ನ ಇಮಾಮತ್ ವಹಿಸುತ್ತಿದ್ದವರು ಇದೇ ಸಾಲಿಮ್(ರ). ಅವರಿಗೆ ಎಲ್ಲರಿಗಿಂತ ಹೆಚ್ಚು ಕುರ್‌ಆನ್ ಕಂಠಪಾಠವಿತ್ತು. ಯಾರಿಂದ ಕುರ್‌ಆನ್ ಕಲಿಯಬೇಕೆಂದು ಪ್ರವಾದಿವರ್ಯರು(ಸ) ನಾಲ್ವರನ್ನು ಹೆಸರಿಸಿದಾಗ ಅವರಲ್ಲಿ ಸಾಲಿಮ್ ಕೂಡ ಇದ್ದರು.

ಹಿಜರಿ 12ರ ಯಮಾಮಾ ಯುದ್ಧದಲ್ಲಿ ಸಾಲಿಮ್ ಮುಹಾಜಿರ್‌ಗಳ ಧ್ವಜ ಹಿಡಿದಿದ್ದರು. ಅಲ್ಲಿ ಅವರೂ ಅಬೂ ಹುದೈಫಾ(ರ)ರೂ ಹುತಾತ್ಮರಾದರು. ಒಬ್ಬರ ತಲೆ ಇನ್ನೊಬ್ಬರ ಪಾದಗಳ ಬಳಿ ಇರುವಂತೆ ಇಬ್ಬರ ದೇಹಗಳೂ ಒಟ್ಟಿಗೇ ಕಂಡುಬಂದವು ಎಂದು ವರದಿಯಾಗಿದೆ. ತಂದೆ ಮಗ ಎಂಬ ಹೆಸರು ಅವರ ನಡುವೆ ಇಲ್ಲವಾಗಿ ವರ್ಷಗಳೇ ಕಳೆದಿದ್ದವು. ಆದರೂ ಕೊನೆಯುಸಿರಿನವರೆಗೆ ಅವರು ಜೊತೆಗಿದ್ದರು.

ಒಂದು ಹೆಣ್ಣುಮಗುವಿಗಾಗಿ ಮೂವರ ಪೈಪೋಟಿ

ಹಿಜರಿ 7ರಲ್ಲಿ ಪ್ರವಾದಿವರ್ಯರು(ಸ) ಮತ್ತು ಸಂಗಾತಿಗಳು ಉಮ್ರಾ ನಿರ್ವಹಿಸಿ ಮಕ್ಕಾದಿಂದ ಹೊರಡುತ್ತಿದ್ದರು. ಆಗ ಓರ್ವ ಪುಟ್ಟ ಬಾಲಕಿ ಚಿಕ್ಕಪ್ಪಾ ಎಂದು ಕೂಗುತ್ತಾ ಅವರ ಹಿಂದೆ ಓಡಿ ಬಂದಳು. ಉಹುದ್‌ನಲ್ಲಿ ಹುತಾತ್ಮರಾದ ಹಝ್ರತ್ ಹಂಝಾ(ರ)ರ ಮಗಳು ಆಕೆ. ಅಲಿ(ರ) ಆಕೆಯ ಕೈಹಿಡಿದು ಫಾತಿಮಾ(ರ)ರಿಗೆ ಒಪ್ಪಿಸಿದರು.

ಬಳಿಕ ಆ ಮಗುವನ್ನು ಯಾರು ಸಾಕಬೇಕೆಂಬ ಬಗ್ಗೆ ಮೂವರ ನಡುವೆ ವಾದ ನಡೆಯಿತು. ನನ್ನ ಚಿಕ್ಕಪ್ಪನ ಮಗಳು, ಕರೆತಂದವನೂ ನಾನೇ ಎಂದರು ಅಲಿ(ರ). ನನಗೂ ಚಿಕ್ಕಪ್ಪನ ಮಗಳೇ, ಜೊತೆಗೆ ಆಕೆಯ ತಾಯಿಯ ಸೋದರಿ ನನ್ನ ಮನೆಯಲ್ಲಿದ್ದಾಳೆ ಎಂದರು ಜಅ್‌ಫರ್(ರ). ಮೂರನೆಯವರು ನಮ್ಮ ಝೈದ್(ರ). ಪ್ರವಾದಿವರ್ಯರು(ಸ) ಅವರನ್ನೂ ಹಂಝಾರನ್ನೂ ಸಹೋದರರನ್ನಾಗಿ ಜೋಡಿಸಿದ್ದರು. ಆದ್ದರಿಂದ ನನ್ನ ಸೋದರನ ಮಗಳು ಎಂದು ಅವರು ಹಕ್ಕು ಮಂಡಿಸಿದರು. ಎಳವೆಯಲ್ಲಿ ಮನೆಯಿಂದ ಕಿತ್ತೆಸೆಯಲ್ಪಟ್ಟವರು ಇಂದು ಒಂದು ಅನಾಥ ಮಗುವಿಗೆ ಮನೆಯಾಗಲು ಮುಂದೆ ಬಂದಿದ್ದರು. ಅನಾಥ ಮಗು ಯಾರಿಗೆ ಹೊರೆ ಎಂದು ಜಗಳವಾಡುವ ಕಾಲದಲ್ಲಿರುವ ನಾವು ಈ ಜಗಳವನ್ನು ನೋಡಿ ನಾಚಬೇಕು.

ಪ್ರವಾದಿವರ್ಯರು(ಸ) ಮಗುವನ್ನು ತಾಯಿಯ ಸೋದರಿಗೆ ಒಪ್ಪಿಸಿದರು. ಚಿಕ್ಕಮ್ಮ ತಾಯಿಯ ಸ್ಥಾನದಲ್ಲಿದ್ದಾಳೆ ಎಂಬುದು ಅವರ ತೀರ್ಪಾಗಿತ್ತು. ಮೂವರಲ್ಲಿ ಯಾರ ಹಕ್ಕು ದೊಡ್ಡದು ಎಂಬುದಕ್ಕಿಂತ ಮಗುವಿಗೆ ಯಾರ ಮಡಿಲು ಹತ್ತಿರ ಎಂಬುದು ಅಲ್ಲಿ ಮುಖ್ಯವಾಯಿತು. ಬಳಿಕ ಮೂವರಿಗೂ ಒಂದೊಂದು ಸಾಂತ್ವನದ ಮಾತು ಹೇಳಿದರು. ಝೈದ್‌ರಿಗೆ ಹೇಳಿದ್ದು, ನೀವು ನಮ್ಮ ಸಹೋದರ ಮತ್ತು ನಮ್ಮ ಮೌಲಾ ಎಂದು. ಈ ಎರಡು ಪದಗಳನ್ನು ಗಮನಿಸಿ. ಅಲ್-ಅಹ್‌ಝಾಬ್ ಅಧ್ಯಾಯದ 5ನೆಯ ವಚನದಲ್ಲಿ ಇರುವುದೂ ಇವೇ ಎರಡು ಪದಗಳು. 'ಮಗ' ಎಂಬ ಪದವನ್ನು ಹಿಂಪಡೆದ ವಚನವು ಅದರ ಸ್ಥಾನದಲ್ಲಿ ಕೊಟ್ಟ ಪದಗಳನ್ನು ಪ್ರವಾದಿವರ್ಯರು(ಸ) ಎಲ್ಲರ ಮುಂದೆ ಝೈದ್‌ರಿಗೆ ಗೌರವವಾಗಿ ಸಲ್ಲಿಸಿದರು.

ಪ್ರೀತಿಯ ಲೆಕ್ಕ

ಹೆಸರು ಬದಲಾದ ಬಳಿಕ ಪ್ರೀತಿ ಕಡಿಮೆಯಾಯಿತೇ? ಇತಿಹಾಸದ ಉತ್ತರ ಸ್ಪಷ್ಟವಾಗಿದೆ. ಝೈದ್‌ರನ್ನು ಕಳುಹಿಸಿದ ಪ್ರತಿಯೊಂದು ಸೇನಾ ತುಕಡಿಗೂ ಪ್ರವಾದಿವರ್ಯರು(ಸ) ಅವರನ್ನೇ ನಾಯಕರನ್ನಾಗಿ ನೇಮಿಸುತ್ತಿದ್ದರು ಎಂದು ಆಯಿಶಾ(ರ)ರು ಹೇಳಿದ್ದಾರೆ. ಝೈದ್‌ರಿಗೆ ಉಮ್ಮು ಐಮನ್(ರ)ರೊಂದಿಗೆ ವಿವಾಹವಾಗಿತ್ತು. ಅಬ್ವಾದಿಂದ ಅನಾಥ ಮುಹಮ್ಮದ್(ಸ)ರನ್ನು ಮನೆಗೆ ತಲುಪಿಸಿದ್ದ ಅದೇ ಮಹಾತಾಯಿ. ಅವರ ಮಗ ಉಸಾಮಾ(ರ). ಮಗ ಕಪ್ಪು, ತಂದೆ ಬಿಳಿ ಎಂದು ಕೆಲವರು ಉಸಾಮಾರ ವಂಶದ ಬಗ್ಗೆ ಪಿಸುಗುಟ್ಟುತ್ತಿದ್ದರು. ಒಂದು ದಿನ ತಂದೆ ಮಗ ಇಬ್ಬರೂ ಹೊದಿಕೆ ಹೊದ್ದು ಮಲಗಿದ್ದರು, ಪಾದಗಳಷ್ಟೇ ಹೊರಗೆ ಕಾಣುತ್ತಿದ್ದವು. ಚಹರೆ ನೋಡಿ ವಂಶ ಗುರುತಿಸುವುದರಲ್ಲಿ ನಿಪುಣನಾದ ಒಬ್ಬನು ಅದನ್ನು ನೋಡಿ, ಈ ಪಾದಗಳು ಒಂದೇ ರಕ್ತದವು ಎಂದನು. ಅದನ್ನು ಕೇಳಿದ ಪ್ರವಾದಿವರ್ಯರು(ಸ) ಸಂತೋಷದಿಂದ ಹೊಳೆಯುವ ಮುಖದೊಂದಿಗೆ ಮನೆಗೆ ಬಂದು ಆ ಸುದ್ದಿ ತಿಳಿಸಿದರು ಎಂದು ಆಯಿಶಾ(ರ)ರು ವರದಿ ಮಾಡಿದ್ದಾರೆ. ತಾವು ಸಾಕಿದವರ ಮನೆಯ ಮಾನವನ್ನು ತಮ್ಮದೇ ಮಾನವೆಂದು ಬಗೆಯುವ ಹೃದಯವದು.

ಹಿಜರಿ 8ರಲ್ಲಿ (ಕ್ರಿ.ಶ. 629) ಮುಅ್‌ತಾ ಯುದ್ಧಕ್ಕೆ 3,000 ಮಂದಿಯ ಸೇನೆ ಹೊರಟಾಗ ಮೊದಲ ಸೇನಾಧಿಪತಿ ಝೈದ್(ರ). ಅವರ ಬಳಿಕ ಜಅ್‌ಫರ್(ರ), ಅವರ ಬಳಿಕ ಅಬ್ದುಲ್ಲಾ ಬಿನ್ ರವಾಹಾ(ರ). ಮೂವರೂ ಒಬ್ಬರ ಹಿಂದೆ ಒಬ್ಬರು ಹುತಾತ್ಮರಾದರು. ಮದೀನಾದಲ್ಲಿ ಅವರ ಮರಣದ ಸುದ್ದಿ ತಿಳಿಸುವಾಗ ಪ್ರವಾದಿವರ್ಯರ(ಸ) ಕಣ್ಣುಗಳಿಂದ ನೀರು ಹರಿಯುತ್ತಿತ್ತು. ಶಾಮ್‌ನ ಅಂಚಿನಿಂದ ಬಂದಿದ್ದ ಬಾಲಕ ಶಾಮ್‌ನ ಅಂಚಿನ ಮಣ್ಣಿನಲ್ಲಿಯೇ ಮಲಗಿದನು.

ಹಿಜರಿ 11ರಲ್ಲಿ ಅಂತಿಮ ದಿನಗಳಲ್ಲಿ ಪ್ರವಾದಿವರ್ಯರು(ಸ) ಯುವಕ ಉಸಾಮಾರನ್ನು ಹಿರಿಯ ಸಹಾಬಿಗಳಿದ್ದ ಸೇನೆಗೆ ನಾಯಕರನ್ನಾಗಿ ನೇಮಿಸಿದರು. ಕೆಲವರು ಆಕ್ಷೇಪಿಸಿದಾಗ, ಹಿಂದೆ ಇವರ ತಂದೆಯ ನಾಯಕತ್ವವನ್ನೂ ನೀವು ಆಕ್ಷೇಪಿಸಿದ್ದಿರಿ. ಅವರು ಅದಕ್ಕೆ ಅರ್ಹರಾಗಿದ್ದರು, ನನಗೆ ಅತ್ಯಂತ ಪ್ರೀತಿಪಾತ್ರರಾದವರಲ್ಲಿ ಒಬ್ಬರಾಗಿದ್ದರು. ಅವರ ಬಳಿಕ ಇವರೂ ಹಾಗೆಯೇ ಎಂಬ ಅರ್ಥದ ಮಾತನ್ನಾಡಿದರು. ಖಲೀಫಾ ಉಮರ್(ರ) ಕೂಡ ಇದನ್ನು ಮರೆಯಲಿಲ್ಲ. ಖಜಾನೆಯಿಂದ ವೇತನ ಗೊತ್ತುಪಡಿಸುವಾಗ ಸ್ವಂತ ಮಗ ಅಬ್ದುಲ್ಲಾರಿಗಿಂತ ಉಸಾಮಾರಿಗೆ ಹೆಚ್ಚು ಕೊಟ್ಟರು. ಮಗ ಕಾರಣ ಕೇಳಿದಾಗ, ನಿನ್ನ ತಂದೆಗಿಂತ ಅವರ ತಂದೆ ಪ್ರವಾದಿವರ್ಯರಿಗೆ(ಸ) ಹೆಚ್ಚು ಪ್ರಿಯರಾಗಿದ್ದರು ಎಂದು ಉತ್ತರಿಸಿದರು.

ನಮ್ಮ ಕಾಲಕ್ಕೆ ಈ ಇತಿಹಾಸದ ಮಾತು

ಈಗ ನಮ್ಮ ಮೊದಲ ಪ್ರಶ್ನೆಗೆ ಮರಳೋಣ. ಇಸ್ಲಾಮ್ ನಿಲ್ಲಿಸಿದ್ದೇನು? ಮಗುವಿಗೆ ಸುಳ್ಳು ವಂಶವನ್ನು ಅಂಟಿಸುವುದನ್ನು ನಿಲ್ಲಿಸಿತು. ಮಗುವನ್ನು ಮನೆಗೆ ತರುವುದನ್ನು, ಮಡಿಲಲ್ಲಿ ಬೆಳೆಸುವುದನ್ನು, ಓದಿಸಿ ಮದುವೆ ಮಾಡಿಸುವುದನ್ನು ಅದು ಎಂದೂ ನಿಲ್ಲಿಸಲಿಲ್ಲ. ಅನಾಥರ ಪಾಲನೆ ಹೊತ್ತವರು ಸ್ವರ್ಗದಲ್ಲಿ ತಮ್ಮ ಜೊತೆ ಎರಡು ಬೆರಳುಗಳಷ್ಟು ಹತ್ತಿರವಿರುವರು ಎಂದು ಪ್ರವಾದಿವರ್ಯರು(ಸ) ಬೆರಳುಗಳನ್ನು ತೋರಿಸಿಯೇ ಹೇಳಿದ್ದಾರೆ. ಈ ಪಾಲನೆಗೆ ನಮ್ಮ ಫಿಕ್ಹ್‌ನಲ್ಲಿ ಕಫಾಲಾ ಎಂದು ಹೆಸರು.

ವಂಶದ ಸತ್ಯವನ್ನು ಉಳಿಸಬೇಕೆಂಬ ಆದೇಶದ ಹಿಂದಿನ ನ್ಯಾಯವನ್ನು ಲೋಕ ಈಗ ಕಹಿ ಅನುಭವದಿಂದ ಕಲಿಯುತ್ತಿದೆ. 1950ರ ದಶಕದ ಯುದ್ಧದ ಬಳಿಕ ದಕ್ಷಿಣ ಕೊರಿಯಾದಿಂದ ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳು ಅಮೆರಿಕ ಮತ್ತು ಯೂರೋಪಿನ ಮನೆಗಳಿಗೆ ದತ್ತು ಹೋದರು. ಅವರಲ್ಲಿ ಅನೇಕರು ಬೆಳೆದು ದೊಡ್ಡವರಾಗಿ ತಮ್ಮ ಬೇರು ಹುಡುಕಿಕೊಂಡು ಹೋದಾಗ ಕಾಗದಪತ್ರಗಳೇ ಸುಳ್ಳೆಂದು ತಿಳಿಯಿತು. ಹೆತ್ತವರು ಬದುಕಿರುವಾಗಲೇ ಅನಾಥರೆಂದು ಬರೆಯಲಾಗಿತ್ತು. 2025ರ ಮಾರ್ಚ್‌ನಲ್ಲಿ ಆ ದೇಶದ ಸತ್ಯಶೋಧನಾ ಆಯೋಗವೇ ಇಂತಹ ಅಕ್ರಮಗಳನ್ನು ಒಪ್ಪಿಕೊಂಡಿತು. ಸಾಕಿದವರಲ್ಲಿ ಹೆಚ್ಚಿನವರು ಒಳ್ಳೆಯವರೇ ಆಗಿದ್ದಿರಬಹುದು. ಆದರೆ ಹಾರಿಸಾರಂತೆ ಮಗನನ್ನು ಹುಡುಕಿ ಬರಲು ಅಲ್ಲಿನ ತಂದೆಯರಿಗೆ ದಾರಿಯೇ ಉಳಿದಿರಲಿಲ್ಲ.

ನಮ್ಮ ದೇಶದಲ್ಲಿಯೂ ವಿದೇಶಗಳಿಗೆ ಮಕ್ಕಳನ್ನು ದತ್ತು ಕೊಡುವುದರಲ್ಲಿ ನಡೆಯುತ್ತಿದ್ದ ಅಕ್ರಮಗಳ ಬಗ್ಗೆ ವಕೀಲರೊಬ್ಬರು ಸುಪ್ರೀಮ್ ಕೋರ್ಟಿಗೆ ಪತ್ರ ಬರೆದರು. ಅದರ ಫಲವಾಗಿ 1984ರಲ್ಲಿ ಲಕ್ಷ್ಮೀಕಾಂತ್ ಪಾಂಡೆ ಪ್ರಕರಣದ ತೀರ್ಪಿನಲ್ಲಿ ಕಟ್ಟುನಿಟ್ಟಿನ ನಿಯಮಗಳು ಬಂದವು. 1989ರ ವಿಶ್ವಸಂಸ್ಥೆಯ ಮಕ್ಕಳ ಹಕ್ಕುಗಳ ಒಡಂಬಡಿಕೆ ಮಗುವಿಗೆ ತನ್ನ ಹೆಸರು, ಗುರುತು ಮತ್ತು ಹೆತ್ತವರ ಬಗ್ಗೆ ತಿಳಿಯುವ ಹಕ್ಕನ್ನು ಮಾನ್ಯ ಮಾಡಿತು. ಅದರ 20ನೆಯ ವಿಧಿ ಮನೆಯಿಲ್ಲದ ಮಗುವಿನ ಪಾಲನೆಯ ದಾರಿಗಳನ್ನು ಪಟ್ಟಿ ಮಾಡುವಾಗ ಇಸ್ಲಾಮೀ ಕಾನೂನಿನ ಕಫಾಲಾವನ್ನು ಹೆಸರಿಸಿಯೇ ಸೇರಿಸಿದೆ. ದೇಶದಿಂದ ದೇಶಕ್ಕೆ ಆಗುವ ದತ್ತುವಿನ ಬಗ್ಗೆ 1993ರಲ್ಲಿ ಹೇಗ್‌ನಲ್ಲಿ ಆದ ಒಪ್ಪಂದವು ಮಗುವಿನ ಮೂಲದ ಮಾಹಿತಿಯನ್ನು ಜೋಪಾನವಾಗಿ ಉಳಿಸಬೇಕೆಂದು ಕಡ್ಡಾಯಗೊಳಿಸಿತು. ಭಾರತ ಅದನ್ನು 2003ರಲ್ಲಿ ಅಂಗೀಕರಿಸಿತು.

ನಮ್ಮ ಕುಟುಂಬಗಳ ಮುಂದೆ ಇಂದು ಎರಡು ಕಾನೂನು ದಾರಿಗಳಿವೆ. 1890ರ ಗಾರ್ಡಿಯನ್ಸ್ ಅಂಡ್ ವಾರ್ಡ್ಸ್ ಕಾಯ್ದೆಯಡಿ ನ್ಯಾಯಾಲಯದಿಂದ ಪೋಷಕತ್ವ ಪಡೆಯಬಹುದು. ಮಗು ಪ್ರಾಯಕ್ಕೆ ಬರುವವರೆಗೆ ಅದು ಸಾಗುತ್ತದೆ, ವಂಶ ಬದಲಾಗುವುದಿಲ್ಲ. ಎರಡನೆಯದು 2015ರ ಬಾಲನ್ಯಾಯ ಕಾಯ್ದೆಯ ದತ್ತು. ಈ ದಾರಿ ಧರ್ಮಭೇದವಿಲ್ಲದೆ ಎಲ್ಲರಿಗೂ ತೆರೆದಿದೆ, ಬೇಕಾದವರು ಆರಿಸಿಕೊಳ್ಳಬಹುದು, ಯಾರಿಗೂ ಬಲವಂತವಿಲ್ಲ ಎಂಬುದು ಹಿಂದಿನ ಬಾಲನ್ಯಾಯ ಕಾಯ್ದೆಯ ಬಗ್ಗೆ 2014ರ ಶಬ್ನಮ್ ಹಾಶ್ಮಿ ಪ್ರಕರಣದಲ್ಲಿ ಸುಪ್ರೀಮ್ ಕೋರ್ಟ್ ನೀಡಿದ ತೀರ್ಪಿನ ಸಾರ. ಈ ದತ್ತುವಿನಲ್ಲಿ ಹೆತ್ತ ಮನೆಯ ಸಂಬಂಧ ಕಾನೂನಿನ ದೃಷ್ಟಿಯಲ್ಲಿ ಕಡಿಯುತ್ತದೆ. ಆದ್ದರಿಂದ ವಿದ್ವಾಂಸರನ್ನೂ ವಕೀಲರನ್ನೂ ವಿಚಾರಿಸಿಯೇ ಹೆಜ್ಜೆ ಇಡಬೇಕು. ಯಾವ ದಾರಿಯಾದರೂ ಸರಿ, ಆಸ್ಪತ್ರೆಯಿಂದಲೋ ಬಡತಾಯಿಯ ಕೈಯಿಂದಲೋ ಮಗುವನ್ನು ಗುಟ್ಟಾಗಿ ಎತ್ತಿ ತರುವುದು ಅಪರಾಧ. ಅದು ಉಕಾಝ್ ಸಂತೆಯ ವ್ಯಾಪಾರವನ್ನು ಮತ್ತೆ ತೆರೆದಂತೆ.

ಮನೆಯೊಳಗಿನ ವಿಷಯಗಳಿಗೂ ಶರೀಅತ್‌ನಲ್ಲಿ ದಾರಿಯಿದೆ. ಸಾಕಿದ ಮಗುವಿಗೆ ವಾರಸಿನ ನಿಗದಿತ ಪಾಲಿಲ್ಲ. ಆದರೆ ಬದುಕಿರುವಾಗ ಹಿಬಾ ಕೊಡಬಹುದು, ಆಸ್ತಿಯ ಮೂರನೆಯ ಒಂದಂಶದವರೆಗೆ ವಸಿಯ್ಯತ್ ಮಾಡಬಹುದು. ಇದನ್ನು ನಾಳೆಗೆ ಮುಂದೂಡಿದರೆ ಮಗು ಬೀದಿಗೆ ಬೀಳುತ್ತದೆ. ಎರಡು ವರ್ಷದೊಳಗಿನ ಶಿಶುವಾದರೆ, ಸಾಕುತಾಯಿ ಶರೀಅತ್ ಹೇಳಿದ ಪ್ರಮಾಣದಲ್ಲಿ ಹಾಲುಣಿಸಿದರೆ ಸ್ತನಪಾನದ ಸಂಬಂಧ ಏರ್ಪಟ್ಟು ಮಹ್ರಮ್ ಸಮಸ್ಯೆ ನಿವಾರಣೆಯಾಗುತ್ತದೆ.

ಎಲ್ಲಕ್ಕಿಂತ ಕಷ್ಟದ್ದು ಸತ್ಯ ಹೇಳುವುದು. ಮಗುವಿಗೆ ತಿಳಿದರೆ ತಮ್ಮನ್ನು ಬಿಟ್ಟುಹೋದೀತೆಂದು ಸಾಕಿದವರು ಅಂಜುತ್ತಾರೆ. ನೆರೆಯವರ ಬಾಯಿಂದಲೋ ಮದುವೆಯ ಮಾತುಕತೆಯಲ್ಲಿಯೋ ಒಂದು ದಿನ ಅದು ಹೊರಬರುತ್ತದೆ, ಆಗ ಮುರಿಯುವುದು ನಂಬಿಕೆ. ಝೈದ್‌ರಿಗೆ ತಂದೆ ಯಾರೆಂಬುದು ಗೊತ್ತಿತ್ತು. ತಂದೆ ಎದುರಿಗೇ ನಿಂತಿದ್ದರು, ಬಾಗಿಲು ತೆರೆದೇ ಇತ್ತು. ಆದರೂ ಅವರು ಉಳಿದರು. ಅವರನ್ನು ಉಳಿಸಿದ್ದು ಆ ಮನೆಯಲ್ಲಿ ಅವರು ಕಂಡ ನಡತೆ. ಸಾಕುವವರ ಧೈರ್ಯಕ್ಕೆ ಇದಕ್ಕಿಂತ ದೊಡ್ಡ ಆಧಾರ ಬೇಕೇ?

ಆದ್ದರಿಂದ ಮುಂದೆ ಯಾರಾದರೂ ನಮ್ಮ ಮುಂದೆ "ಇಸ್ಲಾಮಿನಲ್ಲಿ ದತ್ತು ಇಲ್ಲ" ಎಂದರೆ ಉಳಿದರ್ಧವನ್ನು ನಾವೇ ಪೂರ್ಣಗೊಳಿಸೋಣ: ಮಗುವನ್ನು ಮನೆಗೆ ತನ್ನಿ, ಅದರ ತಂದೆಯ ಹೆಸರನ್ನು ಅದಕ್ಕೇ ಬಿಡಿ, ನಿಮ್ಮ ಪ್ರೀತಿಯನ್ನು ಪೂರ್ತಿಯಾಗಿ ಕೊಡಿ.

ಅನಾಥರ ತಲೆ ಸವರುವ ಕೈಗಳನ್ನು ಅಲ್ಲಾಹನು ನಮಗೆ ಅನುಗ್ರಹಿಸಲಿ. ಮಕ್ಕಳಿಗಾಗಿ ಹಂಬಲಿಸುವ ಮನೆಗಳನ್ನೂ ಮನೆಗಾಗಿ ಹಂಬಲಿಸುವ ಮಕ್ಕಳನ್ನೂ ಅವನು ಒಂದುಗೂಡಿಸಲಿ. ಆಮೀನ್.